ಓದಿ ಸಹಿ ಮಾಡಿದ ಹತ್ತೊಂಬತ್ತು ದಿನ

ಫೆಬ್ರವರಿ ಮೂವತ್ತು, 2158
ಹೊಸಬೂದಿಹಾಳ, ಮಲಪ್ರಭೆಯ ದಂಡೆ

ಸರ್ಕಾರಿ ಕಚೇರಿಯ ಮೇಜಿನ ಹಿಂದೆ ಕುಳಿತಿರುವ ಹಿರಿಯರೇ,

ತಾರೀಖು ನೋಡಿ ನಗಬೇಡಿ. ತಿಂಗಳುಗಳನ್ನು ಸರಿಸಮ ಮಾಡಿದಾಗ ಫೆಬ್ರವರಿಗೂ ಮೂವತ್ತು ದಿನ ಬಂದವು. ನನ್ನ ಕನ್ನಡವೂ ನಿಮಗೆ ಅಲ್ಲಲ್ಲಿ ವಿಚಿತ್ರವಾಗಿ ಕೇಳಿಸೀತು. ನಿಮ್ಮ ಕಾಲದ ಸಂಘಗಳ ಠರಾವು, ಮನವಿಗಳನ್ನು ಹಳೆಯ ದಫ್ತರದಲ್ಲಿ ಓದಿ ಓದಿ ನಿಮ್ಮ ಭಾಷೆ ಕಲಿತವನು ನಾನು. ಮನಸ್ಸು ಬಿಚ್ಚಿ ಬರೆಯಹೊರಟರೂ ಇದು ಮನವಿ ಪತ್ರದ ಹಾಗೆ ಆಗಿಬಿಟ್ಟರೆ ಕ್ಷಮಿಸಿ.

ನನ್ನ ಹೆಸರು ಮೌನೇಶ ಪತ್ತಾರ. ಸರ್ಕಾರಿ ಸಹಿದಾರರ ಸಂಘಕ್ಕೆ ಇಪ್ಪತ್ತಾರು ವರ್ಷ ತಾಲ್ಲೂಕು ಕಾರ್ಯದರ್ಶಿಯಾಗಿದ್ದು ನಾಳೆ ನಿವೃತ್ತನಾಗುತ್ತಿದ್ದೇನೆ. ಹೋಗುವ ಕಾರ್ಯದರ್ಶಿ ಒಂದು ಪತ್ರ ಬರೆದಿಡುವುದು ನಮ್ಮಲ್ಲಿ ರೂಢಿ. ಎಲ್ಲರೂ ಮುಂದೆ ಬರುವವರಿಗೆ ಬರೆಯುತ್ತಾರೆ. ನಾನು ನೂರು ವರ್ಷಕ್ಕೂ ಹಿಂದಿದ್ದ ನಿಮಗೆ ಬರೆಯುತ್ತಿದ್ದೇನೆ. ನಮ್ಮಲ್ಲಿ ಆದದ್ದರ ಬೀಜ ನಿಮ್ಮ ಮೇಜಿನ ಮೇಲೆಯೇ ಬಿದ್ದಿತ್ತೇನೋ ಎಂಬ ಅನುಮಾನ ನನಗೆ.

ಮೊದಲು ನಮ್ಮ ಕೆಲಸ ಏನೆಂದು ಹೇಳಬೇಕು. ಸರ್ಕಾರದ ಆದೇಶಗಳನ್ನು ಈಗ ಮನುಷ್ಯರು ಬರೆಯುವುದಿಲ್ಲ. ಕರಡು ತಯಾರಿಸುವ ಯಂತ್ರವೊಂದಿದೆ. ಕಾಗದದಲ್ಲಿ ಅದರ ಹೆಸರು ಕರಡಿಗ, ನಮ್ಮ ಬಾಯಲ್ಲಿ ಕರಡಿ. ಆದರೆ ಮನುಷ್ಯನೊಬ್ಬ ಒಪ್ಪದೆ ಯಾವ ಆದೇಶವೂ ಜಾರಿಯಾಗಬಾರದು ಎಂದು ಕಾನೂನಿದೆ. ಆ ಒಪ್ಪಿಗೆ ಕೊಡುವವರೇ ಸಹಿದಾರರು. ಆದೇಶ ಕಣ್ಣ ಮುಂದೆ ಬರುತ್ತದೆ, ನಾವು ಎರಡು ಸಲ ರೆಪ್ಪೆ ಮಿಟುಕಿಸುತ್ತೇವೆ, ಅದು ಹೋಗಿ ಮುಂದಿನದು ಬರುತ್ತದೆ. ಇದಕ್ಕೆ ಮಿಟುಕುಸಹಿ ಎನ್ನುತ್ತಾರೆ. ಬಿಸಿಲಿನ ಕಾರಣ ಬೆಳಗಿನ ಐದಕ್ಕೆ ಕಚೇರಿ ತೆರೆದು ಹನ್ನೊಂದಕ್ಕೆ ಮುಚ್ಚುತ್ತಿತ್ತು. ಆ ಆರು ತಾಸಿನಲ್ಲಿ ಒಬ್ಬೊಬ್ಬರಿಗೆ ಸಾವಿರದ ಇನ್ನೂರು ಆದೇಶ. ನಮ್ಮ ಆರೋಗ್ಯದ ಬಗ್ಗೆ ಇಲಾಖೆಗೆ ಕಾಳಜಿ ಇರಲಿಲ್ಲ ಎಂದು ಹೇಳಲಾರೆ. ನೆಮ್ಮದಿ ಕೋಣೆ ಅಂತ ಒಂದಿತ್ತು. ತಂಪು ಗಾಳಿ, ಹಕ್ಕಿಯ ಸದ್ದು, ಪುದೀನಾ ವಾಸನೆ. ಕಣ್ಣು ಕೆಂಪಾದವರನ್ನು ಯಂತ್ರವೇ ಗುರುತಿಸಿ ಏಳು ನಿಮಿಷ ಅಲ್ಲಿಗೆ ಕಳಿಸುತ್ತಿತ್ತು. ಎದ್ದು ಬಂದ ಮೇಲೆ ಆ ಏಳು ನಿಮಿಷದ ಆದೇಶಗಳು ಬಾಕಿಯಾಗಿ ಕಾದಿರುತ್ತಿದ್ದವು.

ದಾನಮ್ಮ ಕೆಲೂರ ನಮ್ಮ ಆರೈಕೆ ವಿಭಾಗದ ಸಹಿದಾರಳು. ಮನೆಯಲ್ಲೇ ಮಲಗಿರುವ ರೋಗಿಗಳ ಬಳಿಗೆ ದಾದಿಯರನ್ನು ಕಳಿಸುವ, ಬೇಡವಾದಾಗ ನಿಲ್ಲಿಸುವ ಆದೇಶಗಳು ಆಕೆಯ ಕಣ್ಣ ಮುಂದೆ ಹಾದುಹೋಗುತ್ತಿದ್ದವು. ಆಗ ನಲವತ್ತೈದರ ಹೆಂಗಸು. ಮಾತು ಕಡಿಮೆ, ಊಟದ ಡಬ್ಬಿಯಲ್ಲಿ ಯಾವಾಗಲೂ ಒಂದು ರೊಟ್ಟಿ ಹೆಚ್ಚು, ಯಾರಿಗಾದರೂ ಇರಲಿ ಎಂದು. ಹದಿನಾರು ವರ್ಷದ ನೌಕರಿಯಲ್ಲಿ ಸಂಘದ ಮೆಟ್ಟಿಲು ಹತ್ತಿದವಳೇ ಅಲ್ಲ.

ಹದಿನೇಳು ವರ್ಷದ ಹಿಂದೆ ಒಂದು ಮುಂಜಾನೆ ಇಮಾಮಸಾಬ ನದಾಫ ಎಂಬ ಗಾದಿ ಹೊಲಿಯುವವರು ಕಚೇರಿಗೆ ಬಂದರು. ಎರಡು ಊರುಗೋಲು, ಬಲಗಾಲು ಮೊಣಕಾಲಿನ ಕೆಳಗೆ ಇರಲಿಲ್ಲ. ಅವರು ಜಗಳಕ್ಕೆ ಬಂದಿರಲಿಲ್ಲ. ಕಾಲು ತೆಗೆದ ಜಾಗಕ್ಕೆ ಪಟ್ಟಿ ಕಟ್ಟಲು ದಾದಿಯನ್ನು ಮತ್ತೆ ಕಳಿಸಿ ಎಂದು ಕೇಳಲು ಬಂದಿದ್ದರು. ಸಕ್ಕರೆ ಕಾಯಿಲೆ ಇದ್ದ ಅವರ ಪಾದದ ಹುಣ್ಣಿಗೆ ಮೊದಲು ಮೂರು ದಿನಕ್ಕೊಮ್ಮೆ ದಾದಿ ಬರುತ್ತಿದ್ದಳು. ಗಾಯ ಮಾಯ್ದಿದೆ ಎಂಬ ಆದೇಶ ಹೊರಟು ಆಕೆ ಬರುವುದು ನಿಂತಿತು. ಐದು ವಾರದಲ್ಲಿ ಹುಣ್ಣು ಎಲುಬು ಮುಟ್ಟಿತು.

ಅವರು ಕೈಯಲ್ಲಿ ಹಿಡಿದ ಹಾಳೆಯ ಕೆಳಗೆ ದಾನಮ್ಮನ ಹೆಸರಿತ್ತು.

"ಸಹಿ ನಿಮ್ದ ಐತ್ರೀ ಅಕ್ಕಾರ," ಅಂದರು. "ಓದಿದ್ರೇನ್ರಿ?"

ಆಕೆ ಆ ಆದೇಶವನ್ನು ಹುಡುಕಿ ತೆಗೆದಳು. ಹದಿನೆಂಟು ಸೆಕೆಂಡು ಅದು ಅವಳ ಕಣ್ಣ ಮುಂದೆ ಇತ್ತು. ಮೂರನೆಯ ಪುಟದ ಕೊನೆಯಲ್ಲಿ ದಾದಿ ತನ್ನ ಮಾತಿನಲ್ಲೇ ಒಂದು ಸಾಲು ಬರೆದಿದ್ದಳು: ಗಾಯ ಮೇಲೆ ಒಣಗಿದೆ, ಆದರೆ ಒಳಗಿಂದ ವಾಸನೆ ಬರುತ್ತಿದೆ, ನಿಲ್ಲಿಸಬೇಡಿ. ಕರಡಿ ಚಿತ್ರಗಳನ್ನಷ್ಟೇ ನೋಡಿ ಗುಣವಾಗಿದೆ ಎಂದು ತೀರ್ಮಾನಿಸಿತ್ತು. ಆ ಸಾಲು ಇದ್ದದ್ದೇ ಮನುಷ್ಯರು ಓದಲಿ ಎಂದು.

"ಇಲ್ರಿ," ಎಂದಳು ದಾನಮ್ಮ. "ಓದಿರ್ಲಿಲ್ರಿ."

ಅವರಿಗೆ ದಾದಿಯನ್ನು ಕಳಿಸುವ ಆದೇಶಕ್ಕೆ ಅಲ್ಲೇ ಒಪ್ಪಿಗೆ ಕೊಟ್ಟು, ತನ್ನ ಜಾಗದಲ್ಲಿ ಕುಳಿತು ಮುಂದಿನ ಆದೇಶವನ್ನು ಮೊದಲ ಅಕ್ಷರದಿಂದ ಓದತೊಡಗಿದಳು. ಆ ದಿನ ಆಕೆ ಮುಗಿಸಿದ್ದು ಇಪ್ಪತ್ತಾರು. ಮರುದಿನ ಮೂವತ್ತೊಂದು. ಯಂತ್ರ ಆಕೆಯನ್ನು ನಾಲ್ಕು ಸಲ ನೆಮ್ಮದಿ ಕೋಣೆಗೆ ಕರೆಯಿತು. ಐದನೆಯ ದಿನ ಕೆಲಸದಲ್ಲಿ ಉದಾಸೀನ ಎಂದು ನೋಟಿಸು ಬಂತು. ಅದನ್ನು ಹಿಡಿದುಕೊಂಡು ಮೊದಲ ಸಲ ನನ್ನ ಬಳಿಗೆ ಬಂದಳು.

ಈಗ ನಾನು ಮಾಡಿದ್ದನ್ನು ಬರೆಯಬೇಕು. ನೋಟಿಸಿನ ಕಾನೂನು ಕಲಮುಗಳನ್ನು ನೋಡಿದೆ. ಆಕೆಯ ಮುಖ ನೋಡಲಿಲ್ಲ. "ತಪ್ಪಾತು ಅಂತ ನಾಕು ಸಾಲು ಬರದು ಕೊಡ್ರಿ ಅಕ್ಕಾ," ಎಂದೆ. "ಆರಾಮ ಇರ್ಲಿಲ್ಲ ಅಂತ ಸೇರಿಸ್ರಿ. ನಾಳಿಂದ ಮೊದಲಿನಂಗ ನಡೀರಿ. ಉಳಿದಿದ್ದು ನಾ ನೋಡ್ಕೋತೀನಿ."

"ಯಾವ ತಪ್ಪಿಗೆ ಬರೀಲಿ, ಪತ್ತಾರ ಅವ್ರ?" ಎಂದಳು. "ಓದಿದ್ದಕ್ಕೋ, ಓದಲಾರದ್ದಕ್ಕೋ?"

ಆಕೆ ನೋಟಿಸನ್ನು ಮಡಚಿ ಡಬ್ಬಿಯ ಚೀಲದಲ್ಲಿಟ್ಟುಕೊಂಡು ಹೋದಳು.

ನಾನೂ ಸಹಿದಾರನೇ. ಮರುದಿನ ಹನ್ನೊಂದಕ್ಕೆ ಕೆಲಸ ಮುಗಿಸಿ ಏಳುವಾಗ ಆ ಮುಂಜಾನೆ ನಾನು ಒಪ್ಪಿದ ಒಂದಾದರೂ ಆದೇಶ ನೆನಪಿದೆಯೇ ಎಂದು ನನ್ನನ್ನೇ ಕೇಳಿಕೊಂಡೆ. ಒಂದೂ ಇರಲಿಲ್ಲ. ಒಂದು ಹೆಸರು, ಒಂದು ಊರು ಕೂಡ ಇಲ್ಲ. ಯಾರದೋ ಮನೆಗೆ ಬರುವ ದಾದಿಯನ್ನು ನಾನೂ ಎಷ್ಟು ಸಲ ನಿಲ್ಲಿಸಿದ್ದೆನೋ. ಕಚೇರಿಯಿಂದ ನೇರವಾಗಿ ದಾನಮ್ಮನ ಮನೆಗೆ ಹೋದೆ. ಬಾಗಿಲಲ್ಲಿ ನಿಂತೇ, ನಾನು ಹೇಳಿದ್ದು ಸರಿಯಲ್ಲ, ಸಂಘದ ಸಭೆ ಕರೆಯುತ್ತೇನೆ ಎಂದೆ. ಆಕೆ ಒಳಗೆ ಕರೆದು ಮಜ್ಜಿಗೆ ಕೊಟ್ಟಳು.

ಸಭೆಗೆ ಇನ್ನೂರ ಹನ್ನೆರಡು ಜನ ಬಂದರು. ನಾವೆಲ್ಲರೂ ಓದಿಯೇ ಸಹಿ ಮಾಡೋಣ, ಎಷ್ಟಾದರೆ ಅಷ್ಟು, ಎಂದು ನಾನು ಸೂಚಿಸಿದೆ. ಚಪ್ಪಾಳೆ ಬಿತ್ತು. ಆಗ ಹಿಂದಿನ ಸಾಲಿನಿಂದ ಸಂಗಪ್ಪ ಗಾಣಿಗೇರ ಎದ್ದ. ಆತನ ತಾಯಿಯೇ ಹಾಸಿಗೆ ಹಿಡಿದಿದ್ದಳು.

"ನೀವು ಓದ್ಕೋತ ಕುಂದರ್ರಿ," ಎಂದ. "ಅಲ್ಲಿ ದಾದಿ ಬರ್ಲಿ ಅಂತ ಕಾದು ಮಲಗಿದವ್ರು? ನಮ್ಮವ್ವನ ಆದೇಶಾನೂ ಆ ಸಾಲಿನ್ಯಾಗ ಐತಿ. ಮೈಯೆಲ್ಲಾ ಹುಣ್ಣಾದ ಮ್ಯಾಲ ಓದಿ ಮುಗಸ್ತೀರೇನು?"

ಆತ ಹೇಳಿದ್ದು ನಿಜವಾಗಿತ್ತು. ಇನ್ನು ಕೈಬಿಡೋಣ ಎಂಬ ಗುಸುಗುಸು ಶುರುವಾದಾಗ ದಾನಮ್ಮ ಕುಳಿತಲ್ಲಿಂದಲೇ ಮಾತಾಡಿದಳು. ಕೇಳಿಸದೆ ಎರಡನೆಯ ಸಲ ಹೇಳಿಸಬೇಕಾಯಿತು.

"ಕೊಡೂ ಆದೇಶಕ್ಕ ಮೊದಲಿನಂಗ ಮಿಟುಕಿಸೂಣು. ದಾದಿ ಹೆಚ್ಚಿಗಿ ಒಂದು ಸಲ ಹೋದ್ರ ಯಾರೂ ಸಾಯಂಗಿಲ್ಲ. ನಿಲ್ಲಸೂ ಆದೇಶ ಅಷ್ಟ ಓದೂಣು."

"ಹಂಗಾದ್ರ ನಾನೂ ಓದ್ತೀನಿ," ಎಂದು ಸಂಗಪ್ಪ ಕುಳಿತ.

ಹತ್ತೊಂಬತ್ತು ದಿನ ಹಾಗೆ ನಡೆಯಿತು. ಮುಷ್ಕರವೆಂದು ಕರೆಯಲು ಇಲಾಖೆಗೆ ಆಗಲಿಲ್ಲ, ಎಲ್ಲರೂ ಹೊತ್ತಿಗೆ ಸರಿಯಾಗಿ ಬಂದು ಕೆಲಸದಲ್ಲೇ ಇದ್ದೆವು. ಮೊದಲ ವಾರ ಎಲ್ಲರಿಗೂ ನೋಟಿಸು ಬಂತು. ಎಂಟು ಜನ ಹೆದರಿ ಹಿಂದೆ ಸರಿದರು, ಅವರಿಗೆ ಯಾರೂ ಕೆಟ್ಟದ್ದಾಡಬಾರದೆಂದು ಠರಾವು ಮಾಡಿದೆವು. ಎರಡನೆಯ ವಾರ ದಾದಿಯರು ಬರತೊಡಗಿದರು. ತಾವು ಬರೆದದ್ದನ್ನು ಯಾರೋ ಓದುತ್ತಿದ್ದಾರೆ ಎಂಬ ಸುದ್ದಿ ಅವರಿಗೆ ಮುಟ್ಟಿತ್ತು. ಯಾರೂ ಓದದಿದ್ದರೂ ಬಹಳ ವರ್ಷ ಬರೆದ ಒಬ್ಬ ಹಿರಿಯ ದಾದಿ ನಮ್ಮ ಕಚೇರಿಯ ಕಟ್ಟೆಯ ಮೇಲೆ ಕುಳಿತು ಅತ್ತುಬಿಟ್ಟಳು. ಓದಿದ ನಿಲುಗಡೆ ಆದೇಶಗಳಲ್ಲಿ ಹದಿನಾಲ್ಕಕ್ಕೊಂದು ತಪ್ಪು ಎಂದು ಕಂಡಿತು. ಆ ಪಟ್ಟಿಯನ್ನು ನಾವು ಪತ್ರಿಕೆಗಳಿಗೆ ಕೊಡಲಿಲ್ಲ. ಜಿಲ್ಲೆಯ ಉಳಿದ ಐದು ತಾಲ್ಲೂಕುಗಳ ಸಹಿದಾರರಿಗೆ ಕಳಿಸಿದೆವು. ಅವರೂ ಓದಲು ಕುಳಿತ ಮರುದಿನ ಮಾತುಕತೆಗೆ ಕರೆ ಬಂತು.

ಒಪ್ಪಂದ ಒಂದೇ ಪುಟದ್ದು. ಮನುಷ್ಯರಿಂದ ಏನನ್ನಾದರೂ ಕಿತ್ತುಕೊಳ್ಳುವ ಆದೇಶವನ್ನು ಸಹಿದಾರ ಪೂರ್ತಿ ಓದಬೇಕು, ಅಂಥವನ್ನು ಒಬ್ಬರಿಗೆ ದಿನಕ್ಕೆ ನಲವತ್ತಕ್ಕಿಂತ ಹೆಚ್ಚು ಕೊಡುವಂತಿಲ್ಲ, ಅನುಮಾನ ಬಂದರೆ ದಾದಿಗೆ ಕರೆ ಮಾಡಲು ಸಮಯ ಕೊಡಬೇಕು. ಹೊಸದಾಗಿ ತೊಂಬತ್ತು ಜನ ಕೆಲಸಕ್ಕೆ ಸೇರಿದರು. ನೆಮ್ಮದಿ ಕೋಣೆಯನ್ನು ಯಾರೂ ಮುಚ್ಚಲಿಲ್ಲ, ಹೋಗುವವರು ಕಡಿಮೆಯಾದರು ಅಷ್ಟೆ. ತಾಸುಗಟ್ಟಲೆ ಓದಿ ದಣಿದವರ ಕಣ್ಣೂ ಕೆಂಪಗಾಗುತ್ತಿತ್ತು, ಆದರೆ ಅವರು ಮನೆಗೆ ಹೋಗಿ ಮಕ್ಕಳ ಜೊತೆ ಮಾತಾಡುತ್ತಿದ್ದರು. ಮೊದಲು ಅದೂ ಇರಲಿಲ್ಲ.

ಎಲ್ಲವೂ ಸುಖಾಂತ್ಯವಾಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಉದಾಸೀನದ ನೋಟಿಸು ರದ್ದಾಯಿತು. ಇಮಾಮಸಾಬರ ಆದೇಶಕ್ಕಾಗಿ ದಾನಮ್ಮನಿಗೆ ಲಿಖಿತ ಛೀಮಾರಿ ಉಳಿಯಿತು. ಅದನ್ನೂ ತೆಗೆಸೋಣ, ಸಾವಿರದ ಇನ್ನೂರನ್ನು ಹೇರಿದವರು ಬೇರೆಯವರು ಎಂದು ನಾನು ವಾದಿಸಿದೆ. "ಹೇರಿದ್ದು ಅವ್ರ ಖರೆ. ಮಿಟುಕಿಸಿದ್ದು ನಾನು. ಅದು ಇರ್ಲಿ," ಎಂದಳು. ಇಮಾಮಸಾಬರ ಬಳಿ ಕ್ಷಮೆ ಕೇಳಲು ಎರಡು ಸಲ ಹೋದಳು. ಮೊದಲ ಸಲ ಅವರು ಬಾಗಿಲು ತೆರೆಯಲಿಲ್ಲ. ಎರಡನೆಯ ಸಲ ಕೂರಿಸಿ ಚಹಾ ಕೊಟ್ಟರು, ಕ್ಷಮಿಸಿದ್ದೇನೆ ಎಂದು ಮಾತ್ರ ಹೇಳಲಿಲ್ಲ. ಆಕೆಯೂ ಮತ್ತೆ ಕೇಳಲಿಲ್ಲ. ಇನ್ನೂ ಎಂಟು ವರ್ಷ ದಿನಕ್ಕೆ ನಲವತ್ತು ಆದೇಶ ಓದಿ ನಿವೃತ್ತಳಾದಳು.

ನಿಮ್ಮ ಕಾಲದ ಕಾಗದಗಳಲ್ಲಿ ನೌಕರರ ಒತ್ತಡ, ಖಾಲಿ ಹುದ್ದೆ, ಒಬ್ಬರ ಮೇಲೆ ಮೂವರ ಕೆಲಸ ಎಂಬ ಮಾತುಗಳನ್ನು ಓದುತ್ತೇನೆ. ಅದಕ್ಕೆ ಉತ್ತರವಾಗಿ ಯೋಗ ಶಿಬಿರದ ಸುತ್ತೋಲೆಗಳನ್ನೂ ಓದುತ್ತೇನೆ. ಯೋಗ ಒಳ್ಳೆಯದೇ. ಆದರೆ ನಿಮ್ಮ ಹಾಜರಿ ಪುಸ್ತಕಗಳ ಅಂಚಿನಲ್ಲಿ ಯಾರೋ ಪೆನ್ಸಿಲಿನಲ್ಲಿ ಬರೆದ "ಓದಲು ಸಮಯವಿಲ್ಲ" ಎಂಬ ಮಾತನ್ನು ನಾನು ಮೂರು ಕಡೆ ನೋಡಿದ್ದೇನೆ. ಆ ಪೆನ್ಸಿಲಿನ ಮಾತನ್ನು ಯಾರಾದರೂ ಆಗಲೇ ಸಂಘದ ಮನವಿಗೆ ಸೇರಿಸಿದ್ದರೆ ಎಂದು ಅನ್ನಿಸುತ್ತದೆ.

ನನ್ನ ಕೋರಿಕೆ ಚಿಕ್ಕದು. ನಿಮ್ಮಲ್ಲಿ ಕೆಲವರು ಸಂಘದ ಪದಾಧಿಕಾರಿಗಳಿರಬಹುದು. ಒಂದು ದಿನ ಮಾತು ಕಡಿಮೆಯ ಒಬ್ಬರು ನೋಟಿಸು ಹಿಡಿದು ನಿಮ್ಮ ಬಳಿ ಬರುತ್ತಾರೆ. ಆಗ ಕಾಗದವನ್ನು ಪಕ್ಕಕ್ಕಿಡಿ. ಕುರ್ಚಿ ಎಳೆದು ಅವರನ್ನು ಕೂರಿಸಿ. ಏನು ಕಂಡಿರಿ ಎಂದು ಕೇಳಿ, ಅವರು ಹೇಳಿ ಮುಗಿಸುವವರೆಗೂ ಸುಮ್ಮನಿರಿ.

ನಿಮ್ಮ ನಂತರದವನು,
ಮೌನೇಶ ಪತ್ತಾರ