ಚೀಟಿಯಿಲ್ಲದ ಸೇಬು

ಆಳಂದ
೧೯-೪-೨೦೨೫, ಶನಿವಾರ

ಮಗಳು ತಬಸ್ಸುಮಳಿಗೆ ಅಬ್ಬಾನ ಸಲಾಮು, ದುವಾ.

ಸಿಟ್ಟೊಂದು ಬಿಟ್ಟರೆ ನಾನು ಆರಾಮ. ಹೋದ ವಾರದ ಚೀಲ ಬರಲಿಲ್ಲವೆಂದು ನೀನು ಫೋನಿನಲ್ಲಿ ಕಿರುಚಿದೆ. ತಪ್ಪು ನನ್ನದೇ, ಮಾಫ್ ಮಾಡು. ಆದರೆ ಕಾರಣ ಕೇಳುವ ತಾಳ್ಮೆ ನಿನಗಿಲ್ಲ. ಆ ಗುಣ ನನ್ನಿಂದಲೇ ಬಂದದ್ದು. ಫೋನು ಹಿಡಿದರೆ ಇಬ್ಬರೂ ಬೈದಾಡುತ್ತೇವೆ. ಅದಕ್ಕೇ ನಾಲ್ಕನೆಯ ಇಯತ್ತೆಗೆ ಶಾಲೆ ಬಿಟ್ಟ ಕೈಯಿಂದ ಇದನ್ನು ಬರೆದು ಸೇಬಿನ ಚೀಲದಲ್ಲಿಟ್ಟಿದ್ದೇನೆ. ಕಂಡಕ್ಟರ್ ಹುಲೆಪ್ಪ ಕಲಬುರಗಿ ಬಸ್‌ಸ್ಟ್ಯಾಂಡಿನಲ್ಲಿ ಕೊಡುತ್ತಾನೆ.

ನಿನ್ನ ಕಾಲೇಜಿನ ಪ್ರಯೋಗದ ಗತಿ ಕೇಳು. ನೀನು ಒಂದೇ ಪೆಟ್ಟಿಗೆಯ ಸೇಬುಗಳಿಗೆ ಚೀಟಿ ಅಂಟಿಸಿ ಕೆಲವನ್ನು ಗೋಡೆಯ ಮಾಡದಲ್ಲಿ, ಕೆಲವನ್ನು ಹಸಿ ಉಸುಕಿನ ಗಡಿಗೆಯಲ್ಲಿ, ಕೆಲವನ್ನು ಪಕ್ಕದ ಮನೆಯ ಮೆಹರಾಜಬೇಗಂಳ ಫ್ರಿಜ್ಜಿನಲ್ಲಿ ಇಟ್ಟು ಹೋದೆ. ಎಲ್ಲಿಟ್ಟರೆ ಸತ್ವ ಎಷ್ಟು ಉಳಿಯುತ್ತದೆ ಅಳೆಯುತ್ತೇನೆ, ವಾರಕ್ಕೊಮ್ಮೆ ಕಳಿಸು ಎಂದೆ. ಹೋದ ವಾರ ಫ್ರಿಜ್ಜಿನ ಹಣ್ಣು ಕೇಳಲು ಹೋದರೆ ಆಕೆ ಏನಂದಳು ಗೊತ್ತೇ?

‘ಭಾಯಿಸಾಬ, ಬೀಗರು ಬಂದಿದ್ರು. ಬಿಸಲಾಗ ಬಂದವರಿಗೆ ಬರೇ ನೀರು ಕೊಡ್ಲೇನ್ರಿ? ಕೊಯ್ದು ಕೊಟ್ಟೆ. ಚಿಂತಿ ಮಾಡಬ್ಯಾಡ್ರಿ, ಬೇರೆ ತಂದು ಅವೇ ಚೀಟಿ ಹಚ್ಚೀನಿ!’

ತಂದದ್ದೂ ನನ್ನ ಹಣ್ಣಿನ ಗಾಡಿ ಬಿಟ್ಟು ಎದುರಿನವನ ಹತ್ತಿರ! ಸಾಲದ್ದಕ್ಕೆ ಮಲಗುವ ಮುಂಚೆ ಫ್ರಿಜ್ಜು ಆರಿಸುತ್ತಾಳಂತೆ. ‘ಅದಕ್ಕೂ ದಣಿವು ಆಗ್ತದಲ್ರಿ’ ಎನ್ನುತ್ತಾಳೆ. ಅವಳ ಹಣ್ಣು ಕಳಿಸುತ್ತಿಲ್ಲ. ಸುಳ್ಳು ಚೀಟಿ ನನ್ನ ಕೈಯಿಂದ ಬರಬಾರದು. ಚೀಲ ತಡವಾದದ್ದು ಅದಕ್ಕೇ.

ನೀನೇನು ಕಡಿಮೆಯೇ? ಈದಿಗೆ ಬಂದವಳು ಗಾಡಿಯ ಮುಂದೆ ನಿಂತು, ಗಿರಾಕಿಗಳು ಕೇಳುವಂತೆ, ‘ಅಬ್ಬಾ, ಇವು ಗಿಡದಿಂದ ಹರಿದು ಆರು ತಿಂಗಳಾಗ್ಯಾವ. ತಣ್ಣನ ಗೋದಾಮಿನ್ಯಾಗ ಸತ್ವ ಒಂದಿಷ್ಟು ತಡೀತದ, ನಿನ್ನ ಗಾಡಿ ಮ್ಯಾಲೆ ಬಿಸಲಾಗ ಲಗೂ ಹೋಗ್ತದ. ಸಿಹಿ ಇರ್ತದ, ಸತ್ವ ಇರಂಗಿಲ್ಲ’ ಎಂದೆ. ಅಂದಿನಿಂದ ಕಚೇರಿಯ ಗುಮಾಸ್ತ ಭೀಮಶಾ ದಿನಾ ಬಂದು, ‘ಲಾಲಸಾಬ, ಇವು ಯಾವ ಸಾಲಿನ ಹಣ್ಣೋ? ಹುಟ್ಟಿದ ದಾಖಲೆ ಅದ ಏನು?’ ಎನ್ನುತ್ತಾನೆ. ‘ನಿನ್ನ ಟೇಬಲ್ ಮ್ಯಾಲಿನ ಅರ್ಜಿಗಿಂತ ತಾಜಾ ಅದಾವ ಲೇ!’ ಎಂದು ಬೈದು ಕಳಿಸಿದೆ.

ಗಾಡಿಗೆ ಗೋಣಿತಟ್ಟಿನ ನೆರಳು ಕಟ್ಟಿದ್ದೇನೆ. ನಿನ್ನ ಮಾತು ಕೇಳಿ ಅಲ್ಲ, ಬಿಸಿಲು ಜಾಸ್ತಿ.

ಚೀಲದಲ್ಲಿ ಗೋಡೆಯ ಮಾಡದವು ನಾಲ್ಕು, ಗಡಿಗೆಯವು ನಾಲ್ಕು ಇವೆ. ತಳದಲ್ಲಿ ಚೀಟಿಯಿಲ್ಲದ್ದು ಒಂದಿದೆ, ಸುಕ್ಕಾಗಿದೆ. ಬಿಸಾಡಬೇಡ.

ಹೊತ್ತಿಗೆ ಸರಿಯಾಗಿ ಉಣ್ಣು. ಅಲ್ಲಾಹ ನಿನ್ನ ಬುದ್ಧಿ ಹೆಚ್ಚಿಸಲಿ, ನಾಲಿಗೆ ಸ್ವಲ್ಪ ಕಡಿಮೆ ಮಾಡಲಿ.

ನಿನ್ನ ಅಬ್ಬಾ,
ಲಾಲಸಾಬ

ತಾ.ಕ.: ಆ ಚೀಟಿಯಿಲ್ಲದ ಸೇಬು ನಿನ್ನ ಅಮ್ಮಿಯ ಲೆಕ್ಕದ್ದು. ಸರ್ವರಬೇಗಂ ಹಾಸಿಗೆ ಹಿಡಿದಾಗ ಡಾಕ್ಟರು ದಿನಾ ಹಣ್ಣು ಕೊಡಿ ಎಂದಿದ್ದರು. ಮಾರುವವರ ಮನೆಗೆ ಉಳಿದದ್ದೇ ಬರುವುದು, ನಿನಗೆ ಗೊತ್ತು. ಒಳ್ಳೆಯವು ಗಾಡಿಯ ಮೇಲೆ. ಯಾರೂ ಮುಟ್ಟದೆ ಸುಕ್ಕಾದವನ್ನು ಕೆಳಗಿನ ಬುಟ್ಟಿಗೆ ಹಾಕಿ ಸಂಜೆ ಒಯ್ಯುತ್ತಿದ್ದೆ. ಮೂರು ತಿಂಗಳು ಅವನ್ನೇ ಕೊಯ್ದು ಕೊಟ್ಟೆ. ‘ಮೀಠಾ ಹೈ ಜೀ’ ಎಂದು ತಿಂದಳು, ಹೋಗುವ ತನಕ. ಇದು ಅದೇ ಬುಟ್ಟಿಯ ಹಣ್ಣು. ಸಿಹಿ ಇದೆಯೆಂದು ನನಗೂ ಗೊತ್ತು. ಸತ್ವ ಎಷ್ಟು ಉಳಿದಿದೆ, ಅಳೆದು ಬರೆ. ಫೋನು ಮಾಡಬೇಡ. ಅಬ್ಬಾ ಎಂದು ಅಂಕಿ ಹೆಚ್ಚು ಹಾಕಬೇಡ.