ಚಿಂತಾಕಿಗೆ ಹೋಗೆನ್ನಿ

ಭಾಲ್ಕಿ
೧೨ ಜನವರಿ ೧೯೫೦

ಪ್ರೀತಿಯ ಅಪ್ಪಾ,

ಆರಾಮವಾಗಿದ್ದೀರಾ? ಹೊತ್ತಿಗೆ ಸರಿಯಾಗಿ ಉಣ್ಣುತ್ತೀರಾ? ಸೊಲ್ಲಾಪುರದ ಬಟ್ಟೆ ಗಿರಣಿಯಲ್ಲಿ ನಿಮ್ಮನ್ನು ಕಂಡೆನೆಂದು ಧೊಂಡಿಬಾ ಕಾಕಾ ಹೇಳಿದ್ದರಿಂದ ಅಲ್ಲಿಗೇ ಬರೆಯುತ್ತಿದ್ದೇನೆ. ಹಿಂದಿನ ಕಾಗದಗಳಿಗೆ ಉತ್ತರ ಬರಲಿಲ್ಲ. ರಜಾಕಾರರ ಹೆದರಿಕೆಗೆ ನೀವು ಗಡಿ ದಾಟಿ ಹೋದ ಮೇಲೆ ಎರಡು ದೀಪಾವಳಿ ಕಳೆದವು.

ಇಲ್ಲಿ ಹತ್ತಿಯ ಸುಗ್ಗಿ. ಮನೆಯ ಹಿಂದಿನ ಜಿನ್ನಿಂಗ್ ಗಿರಣಿ ನಿಲ್ಲುವುದೇ ಇಲ್ಲ. ರೊಟ್ಟಿಯ ಮೇಲೆ, ಅವ್ವನ ಹುಬ್ಬಿನ ಮೇಲೆ ಹತ್ತಿಯ ಧೂಳು. ನಿಜಾಮನ ಆಳ್ವಿಕೆ ಹೋಯಿತು, ಈ ಹೊಗೆ ಹೋಗಲಿಲ್ಲ. ಶುದ್ಧ ಗಾಳಿ ಎಲ್ಲರ ಹಕ್ಕು, ಕಿಟಕಿ ತೆರೆದಿಡಿ ಎಂದು ಕರಪತ್ರದಲ್ಲಿ ಓದಿ, ನೀವು ಮೊಳೆ ಹೊಡೆದು ಹೋದ ಕಿಟಕಿಯನ್ನು ನಾನೇ ತೆರೆದೆ. ಮಸಿ ಒಳಗೆ ಬಂತು. “ನಿನ್ನ ಕರಪತ್ರದಾಗ ಗಾಳಿ ಭಾಳ ಅದಲ್ಲ, ಅದನ್ನೇ ಬೀಸು ಬಾ” ಎಂದು ಅವ್ವ ನಕ್ಕಳು. ನಗು ಕೆಮ್ಮಾಯಿತು. ಚಿಮಣಿ ಎತ್ತರಿಸಿ ಎಂದು ಗಿರಣಿ ಮಾಲೀಕನ ಎದುರು ನಿಂತು ಕೇಳಿದೆ. “ಮೊದಲ ನಿಮ್ಮಪ್ಪಗ ಕರ್ಕೊಂಡು ಬಾ” ಎಂದ.

ಪಕ್ಕದ ಮನೆಯ ಖತೀಜಾ ಬೇಗಂಗೂ ಇದೇ ಕೆಮ್ಮು ಇತ್ತು. ಅವ್ವ ಗೋಡೆ ತಟ್ಟಿ “ಇನ್ನಾ ಇದ್ದೀ ಏನ?” ಎಂದರೆ, ಆಚೆಯಿಂದ “ನಿನಗ ಬಿಟ್ಟು ಎಲ್ಲಿ ಹೋಗ್ಲಿ ಸತ್ಯಮ್ಮಾ?” ಎನ್ನುತ್ತಿದ್ದಳು. ಆ ಕೆಮ್ಮಿನಲ್ಲೇ ಅವಳು ತೀರಿಕೊಂಡಳು. ಈಗಲೂ ಅವ್ವ ತಟ್ಟುತ್ತಾಳೆ, ಆಚೆ ಯಾರೂ ಇಲ್ಲ.

ಅವ್ವನಿಗೆ ಮಲಗಲು ಆಗುವುದಿಲ್ಲ, ಗೋಡೆಗೆ ಒರಗಿಯೇ ನಿದ್ದೆ. ವರ್ಷಗಟ್ಟಲೆ ಎದೆಯಲ್ಲಿ ಕೂತ ಧೂಳು ಔಷಧಕ್ಕೆ ಇಳಿಯದು, ಉಳಿದ ಉಸಿರು ಉಳಿಯಬೇಕಾದರೆ ಈ ಗಾಳಿ ಬಿಡಿಸಿ ಎಂದರು ಬೀದರಿನ ಡಾಕ್ಟರು. ಔರಾದ ಕಡೆಯ, ಗಿರಣಿಯಿಲ್ಲದ ಅವ್ವನ ತವರೂರು ಚಿಂತಾಕಿಯಿಂದ ಮಾಮ ಬಂಡಿ ತಂದ. ಅವ್ವ ಹತ್ತಿದಳು, ಮತ್ತೆ ಇಳಿದಳು. “ನಾ ಬರೂತನಕ ಮನಿ ಬಿಡಬ್ಯಾಡ ಅಂತ ಹೇಳಿ ಹೋಗ್ಯಾರ. ಬಂದವರು ಬಾಗಲಿಗೆ ಹಾಕಿದ ಕೀಲಿ ನೋಡಬೇಕೇನ?”

ನೀವು ಹೇಳಿದ್ದು ಭಯದ ಕಾಲದಲ್ಲಿ ಅಪ್ಪಾ. ಅವಳು ಅದನ್ನೇ ಹಿಡಿದು ಕೂತಿದ್ದಾಳೆ. ನಿಮಗೆ ಬರಲಾಗದಿದ್ದರೆ ಒಂದೇ ಸಾಲು ಬರೆಯಿರಿ, ಚಿಂತಾಕಿಗೆ ಹೋಗು ಎಂದು.

ಧೊಂಡಿಬಾ ಕಾಕಾನ ಶರಣಾರ್ಥಿ. ಅವ್ವನದು ನಾನು ಬರೆಯಬೇಕಿಲ್ಲ.

ನಿಮ್ಮ ಮಗಳು
ಭಾಗೀರಥಿ

ತಾ.ಕ.: ಸೋಮವಾರ ಮಾಮನ ಬಂಡಿ ಮತ್ತೆ ಬರುತ್ತದೆ. ಅಷ್ಟರೊಳಗೆ ನಿಮ್ಮ ಉತ್ತರ ಬರದಿದ್ದರೆ ನಿಮ್ಮ ಹೆಸರಿನಲ್ಲಿ ನಾನೇ ಬರೆದು ಅವ್ವನಿಗೆ ಓದಿ ಹೇಳುತ್ತೇನೆ. ಸುಳ್ಳೂ ಒಂದು ಗುಲಾಮಗಿರಿ ಎಂದು ಊರೆಲ್ಲ ವಾದಿಸಿದವಳು ನಾನು. ಆದರೂ ಬರೆಯುತ್ತೇನೆ. ನಿನ್ನೆ ಕೂತು ನೋಡಿದೆ, ಮೊದಲ ಸಾಲೇ ಆಗಲಿಲ್ಲ. ನೀವು ಅವಳನ್ನು “ಏ, ಇಲ್ಲಿ ಕೇಳು” ಎಂದದ್ದಷ್ಟೇ ನಾನು ಕೇಳಿದ್ದೇನೆ. ಅವ್ವನನ್ನು ಏನೆಂದು ಕರೆಯಲಿ ಅಪ್ಪಾ?