ಅವ್ವನ ಫೋಟೋ ನುಂಗಿದ ಗೋಡೆ

ಗದಗ
೩೦ ಫೆಬ್ರವರಿ ೨೨೧೪

ಮಾನ್ಯ ಪದ್ಮಲತಾ ಮೇಡಂ ಅವರಿಗೆ,

ಇನ್ನೂ ಹುಟ್ಟದವಳು ನಿಮಗೆ ಪತ್ರ ಬರೆಯೋದು ಅಧಿಕಪ್ರಸಂಗ ಅಂತ ಗೊತ್ತು, ಕ್ಷಮಿಸಿ. ತಾರೀಖು ನೋಡಿ ಗಾಬರಿಯಾಗಬೇಡಿ, ನಮ್ಮಲ್ಲಿ ಫೆಬ್ರವರಿಗೂ ಮೂವತ್ತು ದಿನ. ಆರನೇ ಕ್ಲಾಸಿನಿಂದ ಹಾಸ್ಟೆಲಿನಲ್ಲೇ ಬೆಳೆದವಳು, ನನ್ನ ಕನ್ನಡ ಅರ್ಧ ಇಂಗ್ಲಿಷ್. ವಿಚಿತ್ರ ಪದ ಬಂದರೆ ಅಲ್ಲಲ್ಲೇ ಬಿಡಿಸಿ ಹೇಳ್ತೀನಿ. ನಾನು ರೇವತಿ ಹಾದಿಮನಿ, ಫಸ್ಟ್ ಇಯರ್ ಆರ್ಕಿಟೆಕ್ಚರ್. ನೀವು ಈಗ ಟೇಬಲ್ ಮೇಲೆ ಹಾಳೆ ಹರಡಿಕೊಂಡು ನಕ್ಷೆ ಬರೀತಿರೋ ಲೇಡೀಸ್ ಹಾಸ್ಟೆಲಿನ ಹದಿನಾಲ್ಕನೇ ರೂಮಿನಲ್ಲಿ ಇದ್ದೀನಿ.

ನಿಮ್ಮ ಕಟ್ಟಡ ಇನ್ನೂ ನಿಂತಿದೆ. ನಿಂತಿದೆ ಅನ್ನೋದಕ್ಕಿಂತ ಬೆಳೀತಿದೆ. ಅಣಬೆಯ ನೂಲನ್ನು ಹೊಟ್ಟಿನ ಜೊತೆ ಕಲಸಿ ಬೆಳೆಸಿದ ಈ ಗೋಡೆಗೆ ನಾವು ಬೆಳೆಗೋಡೆ ಅಂತೀವಿ. ಹೊರಗಿನಿಂದ ಬಂದವರು ಮೊಗ್ಗಿನ ಆಕಾರದ ಕಿಟಕಿ, ಕಮಲದ ದಂಟಿನ ಕಂಬ ನೋಡಿ ಫೋಟೋ ತೆಗೆದುಕೊಂಡು ಹೋಗ್ತಾರೆ. ಒಳಗಿರೋರ ಕಥೆ ಬೇರೆ. ಮಳೆಗಾಲದಲ್ಲಿ ಗೋಡೆ ಬೆವರುತ್ತೆ, ರೂಮೆಲ್ಲ ಹುಳಿ ಬಂದ ಹಿಟ್ಟಿನ ವಾಸನೆ. ಕೈ ತಾಗಿದರೆ ಯಾರದೋ ಜ್ವರದ ಮೈ ಮುಟ್ಟಿದ ಹಾಗೆ ಬೆಚ್ಚಗೆ. ಕುರ್ಚಿಗೆ ಪಕ್ಕೆಲುಬು, ಕೂತರೆ ಯಾವುದೋ ಪ್ರಾಣಿ ನಮ್ಮನ್ನು ಅರ್ಧ ಅಗಿದು ಬಿಟ್ಟ ಹಾಗಿರುತ್ತೆ. ಹಲಸಿನ ತೊಳೆಯಂಥ ಮಂಚದಲ್ಲಿ ಮಗ್ಗುಲು ಬದಲಾಯಿಸೋಕೆ ಆಗಲ್ಲ. ಇಡೀ ಹಾಸ್ಟೆಲಿನಲ್ಲಿ ಒಂದು ಮೂಲೆ ಇಲ್ಲ ಮೇಡಂ, ಪೊರಕೆ ಎಲ್ಲಿ ನಿಲ್ಲಿಸಿದರೂ ಜಾರಿ ಬೀಳುತ್ತೆ.

ಇದೆಲ್ಲ ಸಹಿಸಿಕೊಂಡಿದ್ದೆ. ತಪ್ಪು ಮಾಡಿದ್ದು ದೀಪಾವಳಿ ರಜೆಗೆ ಮುಂಚೆ. ಮನೆಯಲ್ಲಿ ಯಾರಾದರೂ ಮಾಡೋ ಹಾಗೆ, ಗೋಡೆಗೆ ಒಂದು ಮೊಳೆ ಹೊಡೆದು ಅವ್ವನ ಫೋಟೋ ತೂಗುಹಾಕಿ, ಕೈ ಮುಗಿದು ಊರಿಗೆ ಹೋದೆ. ಅವ್ವ ತೀರಿಕೊಂಡು ಏಳು ವರ್ಷ. ಇರೋದು ಅದೊಂದೇ ಫೋಟೋ. ವಾಪಸ್ ಬಂದಾಗ ಫ್ರೇಮಿನ ಮೇಲೆ ಬಿಳಿ ತೊಗಲು ಹತ್ತಿತ್ತು. ಜನವರಿಯಲ್ಲಿ ಅವಳ ಒಂದು ಕಣ್ಣು, ಅರ್ಧ ಕುಂಕುಮ ಉಳಿದಿತ್ತು. ಈಗ ಬರೀ ಉಬ್ಬು, ಗಾಯ ಮಾಗಿದ ಹಾಗೆ. ಅದರ ಎದುರಿಗೇ ದಿನಾ ಊಟ ಮಾಡ್ತೀನಿ.

ರೂಮ್‌ಮೇಟ್ ಶಾಹೀನ ನಗಿಸೋಕೆ ಅಂತ, "ನಿಮ್ಮವ್ವ ಹಾಸ್ಟೆಲಿನ್ಯಾಗ ಪರ್ಮನೆಂಟ್ ಆದ್ಲು ಬಿಡ" ಅಂದಳು. ಆಮೇಲೆ ಅವಳೇ ಅತ್ತಳು. ವಾರ್ಡನ್ ಗಿರಿಜಕ್ಕನ ಹತ್ತಿರ ಹೋಗಿ, ಒಂದು ಗೇಣು ಕೊಯ್ದು ತೆಗೀತೀನಿ ಅಂತ ಬೇಡಿಕೊಂಡೆ. ಅವರು ಬಾಗಿಲಲ್ಲಿ ತೂಗುಹಾಕಿರೋ ನಿಮ್ಮ ಸಹಿಯ ಹಲಗೆ ತೋರಿಸಿದರು: ಈ ಕಟ್ಟಡ ಜೀವಂತ, ವಿನ್ಯಾಸಕಿಯ ಬರಹದ ಒಪ್ಪಿಗೆ ಇಲ್ಲದೆ ಯಾರೂ ಇದನ್ನು ಕೊಯ್ಯಬಾರದು. ಆಮೇಲೆ ತಣ್ಣಗೆ ಹೇಳಿದರು, "ನಿಮ್ಮವ್ವ ಸತ್ತು ಏಳು ವರ್ಷ ಆತು ರೇವತಿ. ಗೋಡಿ ಇನ್ನೂ ಬದುಕೇತಿ."

ಅವರು ಕೆಟ್ಟವರಲ್ಲ. ನಿಮ್ಮ ಹಲಗೆ ಓದಿ ಓದಿ ಹೀಗಾಗಿದ್ದಾರೆ. ನೀವು ಗಿಡ, ಎಲೆ, ಬಳ್ಳಿ ಎಲ್ಲಾ ನೋಡಿ ಬರೆದಿರಿ. ಬಳ್ಳಿ ಸಿಕ್ಕಿದ್ದನ್ನೆಲ್ಲ ಸುತ್ತಿಕೊಳ್ಳುತ್ತೆ ಅನ್ನೋದನ್ನು ಯಾಕೆ ನೋಡಲಿಲ್ಲ?

ಈ ಪತ್ರವನ್ನು ಹಿಂದಂಚೆಯಲ್ಲಿ ಹಾಕ್ತಿದ್ದೀನಿ, ಹಿಂದಿನ ಕಾಲಕ್ಕೆ ಹೋಗೋ ಅಂಚೆ ಅದು. ಫಸ್ಟ್ ಇಯರ್‌ನವರಿಗೆ ಒಂದೇ ಸಲ ಕೊಡ್ತಾರೆ. ಎಲ್ಲರೂ ಮಾರ್ಕ್ಸಿಗೋಸ್ಕರ ದೊಡ್ಡವರಿಗೆ ಡೌಟ್ ಕೇಳಿ ಬರೀತಾರೆ. ನನಗೆ ಬೇಕಾಗಿರೋದು ಒಂದು ಸಾಲು: "ಹದಿನಾಲ್ಕನೇ ರೂಮಿನ ಬಲಗೋಡೆಯಲ್ಲಿ ಒಂದು ಗೇಣು ಕೊಯ್ಯಲು ಒಪ್ಪಿಗೆ ಇದೆ." ಕೆಳಗೆ ನಿಮ್ಮ ಸಹಿ. ಅದನ್ನು ಕಾಲೇಜಿನ ರೆಕಾರ್ಡ್ ರೂಮಿನ ಕಬ್ಬಿಣದ ಬೀರುವಿನಲ್ಲಿ ಇಡಿ. ಇಲ್ಲಿ ನೆಟ್ಟಗಿರೋ ವಸ್ತು ಅದೊಂದೇ, ಇನ್ನೂ ಇದೆ. ಗುರುವಾರ ಗಿರಿಜಕ್ಕ ಆ ಬೀರು ತೆಗೀತಾರೆ. ಶನಿವಾರದ ಹೊತ್ತಿಗೆ ಗೋಡೆಯೊಳಗಿನ ಫೋಟೋ ಪೂರ್ತಿ ಕರಗುತ್ತೆ ಅಂತ ಲ್ಯಾಬಿನವರು ಹೇಳಿದ್ದಾರೆ.

ನೀವು ಯಾವ ವರ್ಷ ಬರೆದರೂ ನನಗೆ ಗುರುವಾರವೇ ಸಿಗಬೇಕು, ಲೆಕ್ಕ ಹಾಗೇ ಇದೆ. ಆದರೆ ಆಮೇಲೆ ಬರೆದರಾಯ್ತು ಅಂತ ಇಟ್ಟಿದ್ದನ್ನು ಜನ ಮರೀತಾರೆ. ದಯವಿಟ್ಟು ಇವತ್ತೇ ಉತ್ತರ ಬರೆಯಿರಿ.

ಇಂತಿ,
ರೇವತಿ